ಒಂದು ಹಾಯಿನೌಕೆಯ ಜಾತಕ

ಶ್ರಾದ್ಧದ ದಿನ ಪುರೋಹಿತರು ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳ ಹೆಸರನ್ನು ಕೇಳುತ್ತಾರೆ. ಮೂರನೆಯ ಹೆಸರಿಗೆ ಬರುವ ವೇಳೆಗೆ ನಮ್ಮಲ್ಲಿ ಅನೇಕರು ಮನೆಯ ಹಿರಿಯರ ಮುಖವನ್ನು ನೋಡುವುದುಂಟು. ನಾಲ್ಕನೆಯ ತಲೆಯನ್ನು ಅವರು ಕೇಳುವುದಿಲ್ಲ. ಕೇಳಿದರೂ ಹೇಳಬಲ್ಲವರು ವಿರಳ. ಹೆಸರೇ ಹೀಗೆ ಅಳಿಸಿಹೋಗುವಾಗ, ಆ ಹಿರಿಯನು ಯಾವ ಉದ್ಯೋಗ ಮಾಡಿದ, ಯಾರಲ್ಲಿ ಸೇವೆಯಲ್ಲಿದ್ದ, ಯಾವ ಊರುಗಳನ್ನು ಕಂಡ ಎಂಬ ಸಂಗತಿಗಳು ಉಳಿಯುವುದೆಂತು? ಉಳಿಯುವುದು ಸಾಮಾನ್ಯವಾಗಿ ಒಂದು ಕಥೆ ಮಾತ್ರ. “ನಮ್ಮ ಮುತ್ತಾತ ಹಡಗಿನ ಮೇಲೆ ದುಡಿದಿದ್ದನಂತೆ” ಎಂದು ಅಜ್ಜಿ ಹೇಳುತ್ತಾಳೆ. ಆ ‘ಅಂತೆ’ಯನ್ನು ಒರೆಗೆ ಹಚ್ಚಿ ನೋಡುವ ಕ್ರಮ ಏನಾದರೂ ಉಂಟೆ?

ಉಂಟು. ಅದು ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ಪ್ರಯೋಗಶಾಲೆಯಲ್ಲಿ ರಸಾಯನಜ್ಞನು ಹೇಗೆ ಒಂದೇ ಪರೀಕ್ಷೆಯನ್ನು ನಂಬದೆ ಎರಡು ಮೂರು ವಿಧಾನಗಳಿಂದ ಪದಾರ್ಥವನ್ನು ಗುರುತಿಸುತ್ತಾನೆಯೋ, ಹಾಗೆಯೇ ಈ ಶೋಧಕನೂ ಒಬ್ಬ ಸಾಕ್ಷಿಯ ಮಾತನ್ನು ಮತ್ತೊಬ್ಬ ಸಾಕ್ಷಿಯಿಂದ ಅಳೆಯುತ್ತಾನೆ. ಆತನ ಸಾಕ್ಷಿಗಳು ಮೂರು ಬಗೆ: ಮರ, ಕಾಗದ ಮತ್ತು ಮನುಷ್ಯನ ನೆನಪು. ಈ ಮೂರೂ ಒಂದೆಡೆ ಕೂಡುವ ಒಂದು ಪುಟ್ಟ ಹಾಯಿನೌಕೆಯ ಮತ್ತು ಅದರ ಮೇಲಿದ್ದ ಆರು ಜನರ ವೃತ್ತಾಂತವನ್ನು ನಾವು ಇಲ್ಲಿ ಹೇಳಲಿದ್ದೇವೆ.

ಡಬ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿ ಕಾಲಿನ್ಸ್ ಬ್ಯಾರಕ್ಸ್ ಎಂಬ ಹಳೆಯ ಸೈನಿಕ ಕಟ್ಟಡವಿದೆ. ಈಗ ಅದು ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಂದು ಭಾಗ. ಅಲ್ಲಿ ಸುಮಾರು ೫೦ ಅಡಿ ಉದ್ದದ ಒಂದು ಮರದ ನೌಕೆಯನ್ನು ನೆಲದ ಮೇಲೆ ಆಧಾರ ಕೊಟ್ಟು ನಿಲ್ಲಿಸಿದ್ದಾರೆ. ಹೆಸರು ‘ಆಸ್ಗಾರ್ಡ್’. ನಾರ್ವೆ ಮೊದಲಾದ ಉತ್ತರದೇಶಗಳ ಪುರಾಣದಲ್ಲಿ ಇದು ದೇವತೆಗಳ ಪಟ್ಟಣದ ಹೆಸರು. ನಮ್ಮ ಅಮರಾವತಿ ಇದ್ದಂತೆ. ಧನಿಕರು ವಿಹಾರಕ್ಕಾಗಿ ಇಟ್ಟುಕೊಳ್ಳುತ್ತಿದ್ದ, ‘ಯಾಟ್’ ಎಂದು ಕರೆಯಲಾಗುವ ಜಾತಿಯ ಹಾಯಿದೋಣಿ ಇದು. ೧೯೦೫ರಲ್ಲಿ ನಾರ್ವೆಯ ಲಾರ್ವಿಕ್ ಎಂಬಲ್ಲಿ ನಿರ್ಮಾಣವಾಯಿತು. ಅಮೆರಿಕದ ಬಾಸ್ಟನ್ ನಗರದ ವೈದ್ಯ ಆಸ್ಗುಡ್ ಎಂಬುವರು ತಮ್ಮ ಮಗಳು ಮಾಲಿ ಮತ್ತು ಅಳಿಯ ಅರ್ಸ್ಕಿನ್ ಚಿಲ್ಡರ್ಸ್ ಅವರಿಗೆ ಮದುವೆಯ ಉಡುಗೊರೆಯಾಗಿ ಇದನ್ನು ಕೊಟ್ಟರು.

ವಿಹಾರಕ್ಕೆಂದು ಹುಟ್ಟಿದ ಈ ನೌಕೆ ವಸ್ತುಸಂಗ್ರಹಾಲಯವನ್ನು ಸೇರಿದುದು ೨೩ ದಿನಗಳ ಒಂದೇ ಒಂದು ಪ್ರಯಾಣದ ದೆಸೆಯಿಂದ. ೧೯೧೪ರಲ್ಲಿ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಗೆ ಒಳಪಟ್ಟಿತ್ತು. ಸ್ವಯಮಾಡಳಿತವನ್ನು ವಿರೋಧಿಸುತ್ತಿದ್ದ ಉತ್ತರಭಾಗದವರು ಅದೇ ವರ್ಷದ ಏಪ್ರಿಲಿನಲ್ಲಿ ಸಹಸ್ರಾರು ಬಂದೂಕುಗಳನ್ನು ಗುಪ್ತವಾಗಿ ತರಿಸಿಕೊಂಡಿದ್ದರು. ಸ್ವಯಮಾಡಳಿತವನ್ನು ಬಯಸಿದ ‘ಐರಿಷ್ ಸ್ವಯಂಸೇವಕ’ ದಳದವರ ಕೈ ಬರಿದಾಗಿತ್ತು. ಅವರಿಗಾಗಿ ಹಣ ಕೂಡಿಸಿದವರ ಪರವಾಗಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ೧,೫೦೦ ಮೌಸರ್ ಬಂದೂಕುಗಳನ್ನು ಕೊಳ್ಳಲಾಯಿತು. ಅವುಗಳಲ್ಲಿ ೯೦೦ ಬಂದೂಕುಗಳನ್ನೂ ೨೯,೦೦೦ ತೋಟಾಗಳನ್ನೂ ತರುವ ಭಾರ ಆಸ್ಗಾರ್ಡಿನ ಮೇಲೆ ಬಿತ್ತು. ಉಳಿದವನ್ನು ತಂದ ನೌಕೆಗಳಲ್ಲಿ ಒಂದರ ಹೆಸರು ‘ಛೋಟಾ’ ಎಂದಿದ್ದಿತು. ಹಿಂದೀ ಶಬ್ದವೊಂದು ಆ ದೂರದ ಕಡಲಿನಲ್ಲಿ ಕೇಳಿಬರುವುದು ನಮಗೆ ಸೋಜಿಗವನ್ನುಂಟುಮಾಡುತ್ತದೆ.

ಜುಲೈ ೩ರಂದು ವೇಲ್ಸಿನ ಕಾನ್ವೆ ಬಂದರಿನಿಂದ ಹೊರಟ ಆಸ್ಗಾರ್ಡ್, ೧೨ನೆಯ ತಾರೀಖು ಬೆಲ್ಜಿಯಮ್ ಕರಾವಳಿಗೆ ಸಮೀಪದಲ್ಲಿ, ಹ್ಯಾಂಬರ್ಗಿನಿಂದ ಬಂದ ಒಂದು ಹೊಗೆದೋಣಿಯಿಂದ ಸರಕನ್ನು ಏರಿಸಿಕೊಂಡಿತು. ಬ್ರಿಟಿಷ್ ನೌಕಾಪಡೆಯ ಹಡಗುಗಳ ನಡುವೆಯೇ ಹಾದು, ಬಿರುಗಾಳಿಯನ್ನು ಎದುರಿಸಿ, ಜುಲೈ ೨೬ರ ಮಧ್ಯಾಹ್ನ ಡಬ್ಲಿನ್ನಿಗೆ ಹತ್ತಿರದ ಹೌತ್ ಬಂದರನ್ನು ಮುಟ್ಟಿತು. ನೌಕೆಯ ಮೇಲಿದ್ದವರು ಆರು ಮಂದಿ: ಚಿಲ್ಡರ್ಸ್ ದಂಪತಿಗಳು, ಮೇರಿ ಸ್ಪ್ರಿಂಗ್ ರೈಸ್ ಎಂಬ ಮಹಿಳೆ, ಗಾರ್ಡನ್ ಶೆಫರ್ಡ್ ಎಂಬ ಸೇನಾಧಿಕಾರಿ, ಮತ್ತು ಗೋಲಾ ಎಂಬ ದ್ವೀಪದಿಂದ ಬಂದ ಇಬ್ಬರು ಬೆಸ್ತರು, ಪ್ಯಾಟ್ರಿಕ್ ಮೆಕ್‌ಗಿನ್ಲಿ ಮತ್ತು ಚಾರ್ಲ್ಸ್ ಡಗ್ಗನ್. ಕೊನೆಯ ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು.

ನೌಕೆಯನ್ನು ಗುರುತಿಸುವ ಬಗೆ

ನೌಕೆಗಳು ಹೆಸರನ್ನು ಬದಲಾಯಿಸುತ್ತವೆ. ಒಂದೇ ಹೆಸರಿನ ಹತ್ತಾರು ನೌಕೆಗಳೂ ಇರುತ್ತವೆ. ಕೆಸರಿನಲ್ಲಿ ಹೂತು ನಿಂತಿರುವ ಒಂದು ಹಳೆಯ ಒಡಲನ್ನು ಕಂಡು ಇದು ಇಂತಹುದೇ ಎಂದು ಹೇಳುವುದು ಹೇಗೆ? ಬ್ರಿಟನ್ನಿನ ೧೮೫೪ರ ವಾಣಿಜ್ಯನೌಕಾ ಶಾಸನವು ಇದಕ್ಕೆ ಒಂದು ಉಪಾಯವನ್ನು ಮಾಡಿತು. ದಾಖಲೆಯಾದ ಪ್ರತಿಯೊಂದು ನೌಕೆಗೂ ಒಂದು ಅಧಿಕೃತ ಸಂಖ್ಯೆ. ಹೆಸರು ಬದಲಾದರೂ, ಒಡೆಯ ಬದಲಾದರೂ, ಊರು ಬದಲಾದರೂ ಆ ಸಂಖ್ಯೆ ಬದಲಾಗದು. ಅದನ್ನೂ ನೌಕೆಯ ಟನ್ ಪ್ರಮಾಣವನ್ನೂ ಮುಖ್ಯ ಅಡ್ಡತೊಲೆಯ ಮೇಲೆ ಕೆತ್ತಿಸಬೇಕೆಂದು ವಿಧಿಸಲಾಯಿತು. ದನಕ್ಕೆ ಹಾಕುವ ಮುದ್ರೆಯಂತೆ ಇದು ಕೊನೆಯವರೆಗೂ ಉಳಿಯುತ್ತದೆ. ಎಷ್ಟೋ ನೌಕೆಗಳ ವಿಷಯದಲ್ಲಿ ಬಣ್ಣದ ಪದರಗಳನ್ನು ಕೆರೆದು ತೊಲೆಯ ಮೇಲಿನ ಅಂಕಿಗಳನ್ನು ಓದಿದೊಡನೆಯೇ ಅರ್ಧ ಕೆಲಸ ಮುಗಿದಂತೆ. ಬಂದರಿನ ದಾಖಲೆ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಕಟ್ಟಿದ ಸ್ಥಳ, ವರ್ಷ, ಅಳತೆ, ಒಡೆಯರ ಹೆಸರು ಎಲ್ಲವೂ ದೊರೆಯುತ್ತವೆ. ನೌಕೆಯ ಒಡೆತನವನ್ನು ೬೪ ಪಾಲುಗಳಾಗಿ ಎಣಿಸುವ ರೂಢಿ ಇದ್ದುದರಿಂದ, ಯಾರ ಪಾಲು ಯಾವಾಗ ಯಾರಿಗೆ ಹೋಯಿತೆಂಬುದೂ ತಿಳಿಯುತ್ತದೆ.

ಇಲ್ಲಿ ಹೇಳುವ ‘ಟನ್’ ತೂಕದ ಮಾತಲ್ಲ ಎಂಬುದು ಅನೇಕರಿಗೆ ಹೊಸ ವಿಷಯವಾದೀತು. ಅದು ಹಿಂದೆ ದ್ರಾಕ್ಷಾಮದ್ಯದ ದೊಡ್ಡ ಪೀಪಾಯಿಗೆ ಇದ್ದ ಹೆಸರಿನಿಂದ ಬಂದುದು. ೧೮೫೪ರ ಶಾಸನದ ಪ್ರಕಾರ ಒಳಗಿನ ೧೦೦ ಘನ ಅಡಿ ಅವಕಾಶವೆಂದರೆ ಒಂದು ಟನ್. ಆದುದರಿಂದ ತೊಲೆಯ ಮೇಲಿನ ಅಂಕಿಯನ್ನು ಓದಿದವನು ಒಡಲೊಳಗೆ ಎಷ್ಟು ಸ್ಥಳವಿತ್ತೆಂಬುದನ್ನು ಅರಿಯಬಲ್ಲನೇ ಹೊರತು ನೌಕೆಯ ಭಾರವನ್ನಲ್ಲ. ಇದಲ್ಲದೆ ೧೮೭೮ರಿಂದ ೧೯೮೦ರವರೆಗೆ ವಿಹಾರನೌಕೆಗಳಿಗಾಗಿಯೇ ಲಾಯ್ಡ್ಸ್ ಸಂಸ್ಥೆಯವರು ಒಂದು ನಾಮಾವಳಿಯನ್ನು ಅಚ್ಚುಮಾಡುತ್ತಿದ್ದರು. ಒಂದೊಂದೇ ಸಂಪುಟವನ್ನು ಹಿಂದುಹಿಂದಕ್ಕೆ ತಿರುವುತ್ತ ಹೋದರೆ ಒಂದು ನೌಕೆಯ ಬಾಳು ಮುದಿತನದಿಂದ ಜನ್ಮದವರೆಗೆ ಕಣ್ಣಮುಂದೆ ಬರುತ್ತದೆ.

ಆಸ್ಗಾರ್ಡಿನ ಜನಕನು ಸಾಮಾನ್ಯನಲ್ಲ. ಧ್ರುವಯಾತ್ರಿಕ ನಾನ್ಸೆನ್ ಅವರ ‘ಫ್ರಾಮ್’ ಹಡಗನ್ನು ನಿರ್ಮಿಸಿದ ಕಾಲಿನ್ ಆರ್ಚರ್ ಅವರೇ ಇದನ್ನೂ ರೂಪಿಸಿದವರು. ಹಡಗಿನ ಮೂತಿ ನೀರನ್ನು ಸೀಳುವಾಗ ಏಳುವ ಅಲೆಗೂ ಹಡಗಿನ ಆಕಾರಕ್ಕೂ ಸಂಬಂಧವಿರಬೇಕೆಂದು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ರಸೆಲ್ ಅವರು ವಾದಿಸಿದ್ದರು. ೧೮೭೦ರ ದಶಕದಲ್ಲಿ ಆರ್ಚರ್ ಅವರು ಈ ವಾದವನ್ನು ತಿದ್ದಿದರು. ನೀರಿನ ಮಟ್ಟದ ಗೆರೆಯೊಂದನ್ನೇ ನೋಡಿದರೆ ಸಾಲದು. ಮೂತಿಯಿಂದ ಹಿಂಬದಿಯವರೆಗೆ ಒಡಲನ್ನು ಸೌತೆಕಾಯಿಯ ಬಿಲ್ಲೆಗಳಂತೆ ಕತ್ತರಿಸಿದರೆ ನೀರಿನೊಳಗಿನ ಒಂದೊಂದು ಬಿಲ್ಲೆಯ ವಿಸ್ತೀರ್ಣವೂ ಅಲೆಯ ರೂಪವನ್ನು ಅನುಸರಿಸಿ ಏರಿ ಇಳಿಯಬೇಕು ಎಂದರು. ಇಂತಹ ನಿರ್ಮಾಪಕನ ಕೈಗುರುತು ಒಡಲಿನಲ್ಲೇ ಇರುತ್ತದೆ. ಕಾಗದವೆಲ್ಲ ನಾಶವಾದರೂ ನಕ್ಷೆಯನ್ನೂ ಒಡಲಿನ ಅಳತೆಯನ್ನೂ ಹೋಲಿಸಿ ಜನ್ಮವನ್ನು ಗೊತ್ತುಮಾಡಬಹುದು.

ಮರ ನುಡಿಯುವ ಸಾಕ್ಷ್ಯ

ನೂರು ವರ್ಷ ಬಾಳಿದ ಮರದ ನೌಕೆಯಲ್ಲಿ ಮೂಲದ ಮರ ಎಷ್ಟು, ಅನಂತರ ಸೇರಿಸಿದುದು ಎಷ್ಟು? ಇದನ್ನು ಮೊಳೆಗಳು ಹೇಳುತ್ತವೆ. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ತುಂಬಿರುತ್ತದೆ. ಕಬ್ಬಿಣದ ಮೊಳೆ ಹೊಡೆದೆಡೆ ನೀರು ತಗುಲಿದರೆ ಎರಡೂ ಸೇರಿ ಕಪ್ಪು ಬಣ್ಣವಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ. ಹಲಗೆಯಲ್ಲಿ ಕಪ್ಪಾದ ಹಳೆಯ ಮೊಳೆತೂತು ಎಲ್ಲಿದೆ, ಅದರ ಪಕ್ಕದಲ್ಲಿ ಹೊಸ ಮೊಳೆಯನ್ನು ಎಲ್ಲಿ ಹೊಡೆದಿದ್ದಾರೆ ಎಂಬುದನ್ನು ಗುರುತುಹಾಕಿಕೊಂಡರೆ ಎಷ್ಟು ಸಲ ದುರಸ್ತಿಯಾಗಿದೆಯೆಂದು ಎಣಿಸಬಹುದು. ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಸಮೀಪದಲ್ಲಿದ್ದರೆ ಅವೆರಡರ ನಡುವೆ ವಿದ್ಯುತ್ತು ಹರಿದು ಕಬ್ಬಿಣವು ಬೇಗನೆ ಸವೆಯುತ್ತದೆ. ಆ ಸವಕಳಿಯೂ ಒಂದು ದಾಖಲೆಯೇ. ಉಪಕರಣಗಳ ಗಾಯ, ಬಣ್ಣದ ಪದರ, ಮರದ ಜಾತಿ ಇವು ಉಳಿದ ಸಾಕ್ಷಿಗಳು.

ಆಸ್ಗಾರ್ಡ್ ಇಂತಹ ಪರೀಕ್ಷೆಗೆ ಒಳಗಾಗಲು ಬಹುಕಾಲ ಕಾಯಬೇಕಾಯಿತು. ೧೯೧೪ರ ಅನಂತರ ಅದು ವೇಲ್ಸಿನಲ್ಲಿ ಮೂಲೆಗೆ ಬಿದ್ದಿತು. ಮುಂದೆ ಪರರಿಗೆ ಮಾರಾಟವಾಯಿತು. ೧೯೬೧ರಲ್ಲಿ ಐರ್ಲೆಂಡಿನ ಸರ್ಕಾರ ಅದನ್ನು ಕೊಂಡುಕೊಂಡಿತು. ೧೯೬೮ರಿಂದ ಕೆಲವು ವರ್ಷ ತರುಣರಿಗೆ ನೌಕಾಯಾನವನ್ನು ಕಲಿಸುವ ಶಾಲೆಯಾಗಿ ದುಡಿಯಿತು. ಆಮೇಲೆ ಕಿಲ್‌ಮೇನಮ್ ಸೆರೆಮನೆಯ ಅಂಗಳದಲ್ಲಿ ಬಹುಕಾಲ ನಿಂತಿದ್ದಿತು. ೨೦೦೭ರಿಂದ ಐದು ವರ್ಷಗಳ ಕಾಲ ನೌಕಾಶಿಲ್ಪಿ ಜಾನ್ ಕಿಯರನ್ ಅವರ ನೇತೃತ್ವದಲ್ಲಿ ಸಂರಕ್ಷಣೆಯ ಕಾರ್ಯ ನಡೆಯಿತು. ಹೊಸ ಮರದಿಂದ ಥಳಥಳಿಸುವಂತೆ ಮಾಡುವುದು ಅವರ ಉದ್ದೇಶವಾಗಿರಲಿಲ್ಲ. ಆರ್ಚರ್ ಕಟ್ಟಿದುದರಲ್ಲಿ ಉಳಿದುದನ್ನೆಲ್ಲ ಉಳಿಸಿಕೊಳ್ಳಬೇಕೆಂಬುದೇ ಅವರ ಹಟವಾಗಿದ್ದಿತು. ೨೦೧೨ರಲ್ಲಿ ಅದು ಸಾರ್ವಜನಿಕರ ವೀಕ್ಷಣೆಗೆ ದೊರೆಯಿತು.

ನೆನಪಿನ ಕಥೆಯನ್ನು ಗಣಿತದಿಂದಲೂ ಅಳೆಯಬಹುದು. ೫೦ ಅಡಿಯ ದೋಣಿ ೯೦೦ ಬಂದೂಕುಗಳನ್ನು ಹೊತ್ತಿತೆಂಬುದು ಉತ್ಪ್ರೇಕ್ಷೆಯಲ್ಲವೆ? ನಾವೇ ಲೆಕ್ಕ ಹಾಕೋಣ. ಅವು ೧೮೭೧ರ ಮಾದರಿಯ ಮೌಸರುಗಳು. ಒಂದೊಂದರ ತೂಕ ಸುಮಾರು ನಾಲ್ಕೂವರೆ ಕಿಲೋಗ್ರಾಂ. ಒಟ್ಟು ೪,೦೫೦ ಕಿಲೋಗ್ರಾಂ ಆಯಿತು. ತೋಟಾ ಒಂದಕ್ಕೆ ೪೩ ಗ್ರಾಂ ಹಿಡಿದರೆ ೨೯,೦೦೦ಕ್ಕೆ ೧,೨೫೦ ಕಿಲೋಗ್ರಾಂ ಸಮೀಪ. ಎರಡೂ ಸೇರಿ ಐದು ಟನ್ನಿಗೂ ಮೀರಿದ ಭಾರ. ನೀರಿನ ಮಟ್ಟದಲ್ಲಿ ಒಡಲಿನ ವಿಸ್ತೀರ್ಣ ೩೦ ಚದರ ಮೀಟರ್ ಎಂದು ಸ್ಥೂಲವಾಗಿ ಇಟ್ಟುಕೊಂಡರೆ, ಆರ್ಕಿಮಿಡೀಸನ ನಿಯಮದಂತೆ ನೌಕೆ ೧೭ ಸೆಂಟಿಮೀಟರಿನಷ್ಟು, ಎಂದರೆ ಮುಕ್ಕಾಲು ಗೇಣು, ಹೆಚ್ಚಾಗಿ ಮುಳುಗಬೇಕು. ಮುಳುಗಿಹೋಗದು, ಆದರೆ ಮೈಭಾರವಾಗಿ ನಡೆಯುವುದು. ಸ್ಥಳದ ಕಷ್ಟವೇ ಹೆಚ್ಚಿನದು. ಬಂದೂಕುಗಳ ಮೇಲೆ ಹಾಸಿಗೆಗಳನ್ನು ಹಾಸಿ ಅವುಗಳ ಮೇಲೆಯೇ ಮಲಗಿದೆವೆಂದು ಪ್ರಯಾಣಿಕರು ಬರೆದುದು ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಹೀಗೆ ಕಥೆಯು ಒರೆಯಲ್ಲಿ ನಿಂತಿತು.

ನಾಲ್ವರಿಗೆ ಕಾಗದದ ರಾಶಿ

ನೌಕೆಯಿಂದ ಜನರ ಕಡೆಗೆ ತಿರುಗೋಣ. ಅರ್ಸ್ಕಿನ್ ಚಿಲ್ಡರ್ಸ್ ಅವರ ಸೇವೆಯನ್ನು ಹುಡುಕುವವನಿಗೆ ಕಾಗದಕ್ಕೆ ಕೊರತೆಯಿಲ್ಲ. ಅವರು ೧೯೦೩ರಲ್ಲೇ ‘ರಿಡ್ಲ್ ಆಫ್ ದಿ ಸ್ಯಾಂಡ್ಸ್’ ಎಂಬ ಕಾದಂಬರಿಯಿಂದ ಪ್ರಸಿದ್ಧರಾಗಿದ್ದರು. ಬಂದೂಕುಗಳನ್ನು ಇಳಿಸಿ ಕೆಲವೇ ವಾರಗಳಲ್ಲಿ ಮಹಾಯುದ್ಧ ಮೊದಲಾಗಲು ಬ್ರಿಟಿಷ್ ನೌಕಾಪಡೆಯ ವಿಮಾನದಳವನ್ನೇ ಸೇರಿದರು. ೧೯೧೪ರ ಕ್ರಿಸ್ಮಸ್ ದಿನ ಕುಕ್ಸ್‌ಹಾವೆನ್ ಮೇಲೆ ನಡೆದ ದಾಳಿಯಲ್ಲಿ ಸಮುದ್ರವಿಮಾನದಲ್ಲಿ ವೀಕ್ಷಕರಾಗಿ ಹಾರಿದರು. ೧೯೧೭ರಲ್ಲಿ ಶೌರ್ಯಪದಕ ಪಡೆದರು. ಈ ಸಂಗತಿಗಳೆಲ್ಲ ಲಂಡನ್ನಿನ ದಾಖಲೆಗಳಲ್ಲಿವೆ. ಮುಂದೆ ಅವರು ಐರ್ಲೆಂಡಿನ ಸ್ವಾತಂತ್ರ್ಯಹೋರಾಟಕ್ಕೆ ಧುಮುಕಿದರು. ಒಪ್ಪಂದದ ವಿಷಯದಲ್ಲಿ ನಾಡು ಎರಡಾಗಿ ಒಳಯುದ್ಧ ಹೊತ್ತಿದಾಗ ವಿರೋಧಪಕ್ಷದಲ್ಲಿ ನಿಂತು, ಒಂದು ಸಣ್ಣ ಪಿಸ್ತೂಲನ್ನು ಇಟ್ಟುಕೊಂಡಿದ್ದ ಅಪರಾಧಕ್ಕಾಗಿ ೧೯೨೨ರ ನವೆಂಬರ್ ೨೪ರಂದು ಐರಿಷ್ ಸರ್ಕಾರದ ಗುಂಡಿಗೆ ಬಲಿಯಾದರು. ಆ ಬಾಳಿನ ಕಾಗದಗಳು ಡಬ್ಲಿನ್ನಿನಲ್ಲಿವೆ. ಅವರ ಮಗ ೧೯೭೩ರಲ್ಲಿ ಅದೇ ದೇಶದ ರಾಷ್ಟ್ರಾಧ್ಯಕ್ಷರಾದರು. ಒಂದೇ ಪಟ್ಟಣದ ದಾಖಲೆಯನ್ನು ಓದಿದವನು ಈ ಮನುಷ್ಯನನ್ನು ಅರ್ಧವಾಗಿಯೇ ಕಂಡಾನು.

ಶೆಫರ್ಡ್ ಅವರು ವಿಮಾನಪಡೆಯಲ್ಲಿ ಉನ್ನತ ಪದವಿಗೇರಿ ೧೯೧೮ರಲ್ಲಿ ವಿಮಾನಾಪಘಾತದಲ್ಲಿ ಮಡಿದರು. ಅವರ ಸೇವೆಗೂ ದಾಖಲೆಯಿದೆ. ಮೇರಿ ಸ್ಪ್ರಿಂಗ್ ರೈಸ್ ಅವರು ಪ್ರಯಾಣದ ದಿನಚರಿಯನ್ನು ಬರೆದಿಟ್ಟರು. ಬಾಲ್ಯದ ಅಪಘಾತದಿಂದ ನಡೆಯುವುದೇ ಕಷ್ಟವಾಗಿದ್ದ ಮಾಲಿ ಅವರು ಚುಕ್ಕಾಣಿಯನ್ನು ಹಿಡಿದವರು. ಅವರ ಪತ್ರಗಳೂ ಉಳಿದಿವೆ.

ಇಬ್ಬರಿಗೆ ಕೆಲವೇ ಸಾಲು

ಆದರೆ ಮೆಕ್‌ಗಿನ್ಲಿ ಮತ್ತು ಡಗ್ಗನ್ ಅವರು? ಹಾಯಿಯ ಭಾರವಾದ ಹಗ್ಗಗಳನ್ನು ಎಳೆದ ಕೈಗಳು ಅವರವೂ ಹೌದು. ಅವರಿಗೆ ಪದಕವಿಲ್ಲ, ಕಾದಂಬರಿಯಿಲ್ಲ. ವಂಶಜನೊಬ್ಬನು ಅವರನ್ನು ಹುಡುಕಹೊರಟರೆ ಎಲ್ಲಿಂದ ಆರಂಭಿಸಬೇಕು?

ಐರ್ಲೆಂಡಿನ ಶೋಧಕನಿಗೆ ಎದುರಾಗುವ ಮೊದಲ ಕಷ್ಟವೆಂದರೆ ನಷ್ಟವಾದ ಜನಗಣತಿ. ೧೮೨೧ರಿಂದ ೧೮೫೧ರವರೆಗಿನ ಗಣತಿಯ ಹಾಳೆಗಳಲ್ಲಿ ಬಹುಭಾಗ, ೧೯೨೨ರ ಜೂನ್ ೩೦ರಂದು ಡಬ್ಲಿನ್ನಿನ ‘ಫೋರ್ ಕೋರ್ಟ್ಸ್’ ಕಟ್ಟಡದಲ್ಲಿದ್ದ ದಾಖಲೆಭಂಡಾರ ಸಿಡಿದು ಉರಿದಾಗ ಬೂದಿಯಾಯಿತು. ಚಿಲ್ಡರ್ಸ್ ಅವರನ್ನು ನುಂಗಿದ ಒಳಯುದ್ಧದ ಆರಂಭದಲ್ಲೇ ನಡೆದ ಅನಾಹುತವಿದು. ೧೮೬೧ ಮತ್ತು ೧೮೭೧ರ ಹಾಳೆಗಳನ್ನು ಸರ್ಕಾರವೇ ನಾಶಪಡಿಸಿತ್ತು. ೧೮೮೧ ಮತ್ತು ೧೮೯೧ರವನ್ನು ಮಹಾಯುದ್ಧಕಾಲದ ಕಾಗದದ ಕೊರತೆಯಲ್ಲಿ ಅರೆದುಹಾಕಿದರು. ಇಡಿಯಾಗಿ ಉಳಿದವು ೧೯೦೧ ಮತ್ತು ೧೯೧೧ರವು ಮಾತ್ರ. ಸುಟ್ಟುಹೋದ ಭಂಡಾರದ ಕಾಗದಗಳಿಗೆ ಬೇರೆಡೆಗಳಲ್ಲಿದ್ದ ಪ್ರತಿಗಳನ್ನು ಹುಡುಕಿ ಜೋಡಿಸಿ, ಗಣಕಯಂತ್ರದಲ್ಲಿ ಅದನ್ನು ಮರಳಿ ಕಟ್ಟುವ ಯೋಜನೆಯೊಂದು ೨೦೨೨ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಉಳಿದ ಗಣತಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ೧೯೦೧ರಲ್ಲಿ ೫೫ ವರ್ಷವೆಂದು ಬರೆಸಿದವನು ೧೯೧೧ರಲ್ಲಿ ೭೦ ಎಂದು ಬರೆಸಿರುವ ನಿದರ್ಶನಗಳು ಬೇಕಾದಷ್ಟಿವೆ. ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದಿಯಾದುದೆಂತು? ೧೯೦೮ರಲ್ಲಿ ವೃದ್ಧಾಪ್ಯವೇತನದ ಶಾಸನವಾಯಿತು. ಎಪ್ಪತ್ತು ತುಂಬಿದವರಿಗೆ ಹಣ! ಜನನಪತ್ರವಿಲ್ಲದ ಕಾಲದಲ್ಲಿ ಹುಟ್ಟಿದ ಬಡವರಿಗೆ ವಯಸ್ಸು ನೆನಪಿನ ವಿಷಯವಾಗಿತ್ತು, ನೆನಪು ಅಗತ್ಯವನ್ನು ಹಿಂಬಾಲಿಸಿತು. ಇಂತಹ ತಪ್ಪಿನ ಕಾರಣವನ್ನು ತಿಳಿದವನಿಗೆ ತಪ್ಪೂ ಒಂದು ಸಾಕ್ಷಿಯೇ.

ಎರಡನೆಯ ತೊಡಕು ಹೆಸರಿನದು. ಗೋಲಾ ದ್ವೀಪವು ಡಾನೆಗಾಲ್ ಪ್ರಾಂತದ ಪಶ್ಚಿಮ ತೀರದಲ್ಲಿದೆ. ಅಲ್ಲಿಯ ಮನೆಮಾತು ಐರಿಷ್. ಮನೆಯಲ್ಲಿ ಒಂದು ಹೆಸರು, ಸರ್ಕಾರದ ಪುಸ್ತಕದಲ್ಲಿ ಇಂಗ್ಲಿಷಿಗೆ ತಿರುಗಿಸಿದ ಇನ್ನೊಂದು ಹೆಸರು. ಒಂದೇ ಊರಿನಲ್ಲಿ ಅದೇ ಹೆಸರಿನವರು ಹಲವರು. ಆದುದರಿಂದ ಬಲ್ಲವರು ಒಂದು ನಿಯಮವನ್ನು ಪಾಲಿಸುತ್ತಾರೆ: ಹೆಸರೊಂದು ಹೊಂದಿದ ಮಾತ್ರಕ್ಕೆ ಮನುಷ್ಯ ಸಿಕ್ಕನೆಂದು ಹಿಗ್ಗಬಾರದು. ಹೆಸರು, ಊರು, ಕಸುಬು, ವಯಸ್ಸು, ಮನೆಯವರು ಇವುಗಳಲ್ಲಿ ಮೂರಾದರೂ ಕೂಡಿಬರಬೇಕು. ತನ್ನಿಂದ ತಂದೆಗೆ, ತಂದೆಯಿಂದ ತಾತನಿಗೆ, ಒಂದೊಂದೇ ಮೆಟ್ಟಿಲನ್ನು ಹಿಂದಕ್ಕೆ ಇಳಿಯಬೇಕು. ಮೆಟ್ಟಿಲನ್ನು ಹಾರಿದವನು ಇನ್ನೊಬ್ಬರ ತಾತನ ಮನೆಯನ್ನು ಸೇರುತ್ತಾನೆ.

ನೌಕೆಯ ಮೇಲಿನ ಸೇವೆಯ ದಾಖಲೆಗಳೂ ಚೆದರಿಹೋಗಿವೆ. ಬ್ರಿಟಿಷ್ ವಾಣಿಜ್ಯನೌಕೆಗಳ ನಾವಿಕರ ಪಟ್ಟಿಗಳನ್ನು ಇಟ್ಟುಕೊಳ್ಳಲು ಸ್ಥಳ ಸಾಲದೆ, ಲಂಡನ್ನಿನ ದಾಖಲೆಭಂಡಾರದವರು ಶೇಕಡ ೧೦ರಷ್ಟನ್ನು ಉಳಿಸಿಕೊಂಡರು. ಗ್ರೀನಿಚ್ಚಿನ ನೌಕಾ ವಸ್ತುಸಂಗ್ರಹಾಲಯವು ಐದರಲ್ಲಿ ಕೊನೆಯಾಗುವ ವರ್ಷಗಳ ಪಟ್ಟಿಗಳನ್ನು ತೆಗೆದುಕೊಂಡಿತು. ೧೮೬೩ರಿಂದ ೧೯೩೮ರವರೆಗಿನ ಪಟ್ಟಿಗಳಲ್ಲಿ ಸುಮಾರು ಶೇಕಡ ೭೦ ಭಾಗ ಕಡಲಾಚೆ ಕೆನಡದ ನ್ಯೂಫೌಂಡ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿವೆ! ಆ ಹಡಗುಗಳಲ್ಲಿ ದುಡಿದ ನಮ್ಮ ದೇಶದ ಖಲಾಸಿಗಳ ಹೆಸರನ್ನು ಅನೇಕ ವೇಳೆ ಪ್ರತ್ಯೇಕ ಕರಾರುಪತ್ರದಲ್ಲಿ ಬರೆಯುತ್ತಿದ್ದುದರಿಂದ ಅವರನ್ನು ಹುಡುಕುವುದು ಇನ್ನೂ ಕಷ್ಟ.

ಇಷ್ಟೆಲ್ಲ ತೊಡಕುಗಳಿದ್ದರೂ ಗೋಲಾದ ಇಬ್ಬರು ನಮಗೆ ತಿಳಿದುದು ಹೇಗೆ? ಅವರ ಜೊತೆಯಲ್ಲಿದ್ದವರು ಬರೆದುದರಿಂದ. ಬಂದೂಕುಗಳ ಮೇಲೆ ಹಾಸಿದ ಹಾಸಿಗೆಯ ಮೇಲೆ ಮಲಗುತ್ತ, ಓಲಾಡುವ ದೋಣಿಯಲ್ಲಿ ಮೇರಿ ಸ್ಪ್ರಿಂಗ್ ರೈಸ್ ಅವರು ದಿನಚರಿಯನ್ನು ನಡೆಸಿದರು. ಆ ದಿನಚರಿಯೂ ಉಳಿದವರ ಪತ್ರಗಳೂ ೧೯೬೪ರಲ್ಲಿ ಒಂದೇ ಗ್ರಂಥದಲ್ಲಿ ಅಚ್ಚಾದುವು. ಅಲ್ಲಿಯ ಹೆಸರುಗಳಿಂದಾಗಿ ಗೋಲಾದ ಇಬ್ಬರು ಇತಿಹಾಸಕ್ಕೆ ಸೇರಿದರು. ಅಂತಹ ಬರಹ ಇಲ್ಲದಿದ್ದರೆ “ಇಬ್ಬರು ಆಳುಗಳು” ಎಂಬ ಎರಡು ಮಾತುಗಳಲ್ಲಿ ಅವರ ಸೇವೆ ಮುಗಿದುಹೋಗುತ್ತಿತ್ತು. ಗೋಲಾ ದ್ವೀಪವೂ ೧೯೬೦ರ ದಶಕದ ಕೊನೆಯ ವೇಳೆಗೆ ಜನರಿಂದ ಬರಿದಾಯಿತು.

ನಮ್ಮ ಮನೆಯ ಅಟ್ಟ

ಈ ವೃತ್ತಾಂತದಿಂದ ನಾವು ಕಲಿಯಬೇಕಾದುದು ದೂರದ್ದೇನೂ ಅಲ್ಲ. ಕಾರವಾರ, ಕುಮಟೆ, ಹೊನ್ನಾವರ, ಮಲ್ಪೆ, ಮಂಗಳೂರುಗಳಿಂದ ಮುಂಬಯಿಗೆ ಹೆಂಚು, ಕಟ್ಟಿಗೆ, ಧಾನ್ಯಗಳನ್ನು ಹೇರಿಕೊಂಡು ಹಾಯಿಯ ಮಚವೆಗಳೂ ಪತ್ತೆಮಾರಿಗಳೂ ಹೋಗುತ್ತಿದ್ದ ಕಾಲವೊಂದಿತ್ತು. ಅವುಗಳ ತಂಡೇಲರು ಯಾರು, ಖಲಾಸಿಗಳು ಯಾರು? ಅವರ ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಬಂದರಿನ ರಸೀದಿಯೊಂದು, ಹೆಸರು ಕೆತ್ತಿದ ಹಲಗೆಯ ತುಂಡೊಂದು ಇರಬಹುದು. ಅದನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಓದಬೇಕು. ಹಿಂದಿನ ಚಿತ್ರಪಟದ ಬೆನ್ನಿಗೆ ಅದರಲ್ಲಿರುವವರ ಹೆಸರು, ಊರು, ವರ್ಷವನ್ನು ಬರೆದಿಡಬೇಕು. ಮನೆಯ ಹಿರಿಯರು ಹೇಳುವ ಕಥೆಯನ್ನು ತಿದ್ದದೆ, ಹೇಳಿದವರ ಹೆಸರು ಮತ್ತು ತಾರೀಖಿನ ಸಮೇತ ಬರೆದುಕೊಳ್ಳಬೇಕು. ಅದರ ನಿಜಾನಿಜಗಳ ಪರೀಕ್ಷೆ ಅನಂತರದ ಮಾತು.

ಮರವನ್ನು ಸಂರಕ್ಷಿಸಲು ಐದು ವರ್ಷವೂ ನುರಿತ ಶಿಲ್ಪಿಗಳೂ ಬೇಕಾದರು. ಒಂದು ಹೆಸರನ್ನು ಉಳಿಸಲು ಒಂದು ಹಾಳೆ, ಒಂದು ಲೇಖನಿ ಮತ್ತು ಒಂದು ಸಂಜೆಯ ಬಿಡುವು ಸಾಕು. ನಮ್ಮ ಮನೆಯ ನಾಲ್ಕನೆಯ ತಲೆಯ ಹೆಸರನ್ನು ಬಲ್ಲ ಅಜ್ಜಿ ಇನ್ನೂ ಇದ್ದರೆ, ಆ ಸಂಜೆಯನ್ನು ಮುಂದಕ್ಕೆ ಹಾಕುವುದು ಉಚಿತವಲ್ಲ.